ಗುಣಮಟ್ಟವೂ ಒಂದು ಅಮಾನತ್

ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಾಗಲಿ, ಮಂಗಳೂರು ನಗರದ ದೊಡ್ಡ ಆಸ್ಪತ್ರೆ, ಹೋಟೆಲು, ಮಳಿಗೆಗಳಲ್ಲಾಗಲಿ ಒಳಗೆ ಕಾಲಿಟ್ಟೊಡನೆ ಗೋಡೆಯ ಮೇಲೆ ಒಂದು ಚೌಕಟ್ಟು ಕಾಣಸಿಗುವುದು ಇಂದು ಸಾಮಾನ್ಯವಾಗಿದೆ. ‘ನಮ್ಮ ಗುಣಮಟ್ಟ ನೀತಿ’ ಎಂಬ ಶೀರ್ಷಿಕೆ, ಅದರ ಕೆಳಗೆ ನಾಲ್ಕು ಸಾಲು, ಪಕ್ಕದಲ್ಲಿ ಒಂದು ಪ್ರಮಾಣಪತ್ರ. ಗಿರಾಕಿಗೆ ಒಳ್ಳೆಯದನ್ನೇ ಕೊಡುತ್ತೇವೆ, ದಿನದಿಂದ ದಿನಕ್ಕೆ ಇನ್ನೂ ಉತ್ತಮಗೊಳ್ಳುತ್ತೇವೆ, ಸಂಸ್ಥೆಯ ಪ್ರತಿಯೊಬ್ಬನೂ ಇದಕ್ಕೆ ಹೊಣೆ ಎಂಬುದು ಆ ಸಾಲುಗಳ ತಾತ್ಪರ್ಯ. ಇದರ ಹಿಂದಿರುವ ಚಿಂತನೆಯನ್ನು ವ್ಯಾಪಾರ ಜಗತ್ತು ‘ಟೋಟಲ್ ಕ್ವಾಲಿಟಿ ಮ್ಯಾನೇಜ್‌ಮೆಂಟ್’ ಅಂದರೆ ಸಮಗ್ರ ಗುಣಮಟ್ಟ ನಿರ್ವಹಣೆ ಎಂದು ಕರೆಯುತ್ತದೆ.

ನಮ್ಮ ಸಮುದಾಯದ ಬಹು ದೊಡ್ಡ ಭಾಗ ವ್ಯಾಪಾರವನ್ನೇ ನಂಬಿ ಬದುಕುತ್ತಿದೆ. ಬಂದರಿನ ಸಗಟು ಅಂಗಡಿ, ಧಕ್ಕೆಯ ಮೀನು, ಅಡಿಕೆ, ಮರಮಟ್ಟು, ಜವಳಿ, ಹೋಟೆಲು ಹೀಗೆ ನಾವು ಕೈಹಾಕದ ವ್ಯವಹಾರವಿಲ್ಲ. ಆದುದರಿಂದ ಈ ವಿಷಯವು ಕೇವಲ ಮ್ಯಾನೇಜರುಗಳಿಗೆ ಸೇರಿದ್ದೆಂದು ನಾವು ಪುಟ ಮಗುಚುವಂತಿಲ್ಲ. ಗೋಡೆಯ ಮೇಲಿನ ಆ ನಾಲ್ಕು ಸಾಲುಗಳು ಓರ್ವ ಸತ್ಯವಿಶ್ವಾಸಿಗೆ ಏನು ಹೇಳುತ್ತವೆ? ಚೌಕಟ್ಟು ಇಲ್ಲದ ಅಂಗಡಿಯಲ್ಲೂ ಅವನನ್ನು ಬಂಧಿಸುವ ನೀತಿ ಯಾವುದು?

ರಾಶಿಯ ಒಳಗೆ ಇಳಿದ ಕೈ

ಪ್ರವಾದಿ ಮುಹಮ್ಮದ್(ಸ) ಒಮ್ಮೆ ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ನಿಂತರು. ಮೇಲ್ನೋಟಕ್ಕೆ ಧಾನ್ಯ ಒಣಗಿತ್ತು. ಅವರು ರಾಶಿಯ ಒಳಗೆ ಕೈಯಿಳಿಸಿದಾಗ ಬೆರಳುಗಳಿಗೆ ತೇವ ತಗಲಿತು. ಇದೇನೆಂದು ವಿಚಾರಿಸಿದಾಗ ಮಳೆ ತಗಲಿತೆಂದು ವ್ಯಾಪಾರಿ ಉತ್ತರಿಸಿದನು. ಜನರಿಗೆ ಕಾಣುವಂತೆ ಅದನ್ನು ಮೇಲ್ಗಡೆ ಇರಿಸಬಾರದಿತ್ತೇ ಎಂದು ಪ್ರವಾದಿವರ್ಯರು(ಸ) ಕೇಳಿದರು. ವಂಚಿಸುವವನು ತಮ್ಮವನಲ್ಲ ಎಂಬ ಅತ್ಯಂತ ಕಠಿಣ ಮಾತು ಹೊರಬಂದದ್ದು ಆ ಸಂದರ್ಭದಲ್ಲೇ. ಈ ಹದೀಸನ್ನು ಇಮಾಮ್ ಮುಸ್ಲಿಮ್ ವರದಿ ಮಾಡಿದ್ದಾರೆ.

ಇಲ್ಲಿ ಗಮನಿಸಬೇಕಾದ ಅಂಶಗಳು ಹಲವು. ಮಳೆ ಸುರಿದದ್ದು ವ್ಯಾಪಾರಿಯ ತಪ್ಪಲ್ಲ. ಒದ್ದೆ ಧಾನ್ಯವನ್ನು ಮಾರಲೇಬಾರದೆಂದೂ ಅವನಿಗೆ ಹೇಳಲಾಗಿಲ್ಲ. ಒದ್ದೆಯಾದುದನ್ನು ಒದ್ದೆಯೆಂದು ತೋರಿಸಿ, ಅದಕ್ಕೆ ತಕ್ಕ ಬೆಲೆಗೆ ಮಾರಲು ಅವನಿಗೆ ದಾರಿ ತೆರೆದಿತ್ತು. ಅವನ ಅಪರಾಧವಿದ್ದುದು ಒಣಗಿದ್ದನ್ನು ಮೇಲಿರಿಸಿ ಒದ್ದೆಯನ್ನು ಮುಚ್ಚಿದ್ದರಲ್ಲಿ. ಕೊರತೆ ಎಲ್ಲ ಸರಕಿನಲ್ಲೂ ಇರಬಹುದು; ಕೊರತೆಯನ್ನು ಬಚ್ಚಿಡುವುದು ಮನುಷ್ಯನ ಕೃತ್ಯ. ಹಣ್ಣಿನ ಬುಟ್ಟಿಯ ಮೇಲಿನ ಸಾಲು, ಅಕ್ಕಿ ಮೂಟೆಯ ಬಾಯಿ, ಅಡಿಕೆ ಗೋಣಿಯ ಮೇಲ್ಪದರ ಇವೆಲ್ಲ ಇಂದಿಗೂ ಆ ರಾಶಿಯ ಕಥೆಯನ್ನೇ ಹೇಳುತ್ತಿಲ್ಲವೇ? ಉತ್ತಮ ಚಾಲಿಯ ಗೋಣಿಯೊಳಗೆ ಪಟೋರವನ್ನೋ ಕರಿಗೋಟನ್ನೋ ಸೇರಿಸಿ ಒಂದೇ ದರ ಪಡೆಯುವವನು ಕಿಲೋ ಲೆಕ್ಕದಲ್ಲಿ ಮೋಸ ಮಾಡಿರಲಿಕ್ಕಿಲ್ಲ. ಅವನ ತಕ್ಕಡಿ ಸರಿಯಾಗಿದೆ. ಆದರೆ ಅವನ ಗೋಣಿ ಸುಳ್ಳು ಹೇಳುತ್ತಿದೆ.

ಕೊನೆಯ ತಪಾಸಣೆ ಸಾಲದು

ಗುಣಮಟ್ಟದ ಆಧುನಿಕ ಚಿಂತನೆಯಲ್ಲಿ ಎಲ್ಲರೂ ಹೆಸರಿಸುವ ವ್ಯಕ್ತಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ (1900-1993). ಯುದ್ಧದಲ್ಲಿ ನೆಲಕಚ್ಚಿದ್ದ ಜಪಾನಿಗೆ 1950ರಲ್ಲಿ ಅಲ್ಲಿನ ವಿಜ್ಞಾನಿಗಳ ಮತ್ತು ಇಂಜಿನಿಯರುಗಳ ಸಂಘದ ಆಹ್ವಾನದ ಮೇರೆಗೆ ಹೋಗಿ ಅವರು ಉಪನ್ಯಾಸಗಳನ್ನು ನೀಡಿದರು. ಮರುವರ್ಷ, 1951ರಲ್ಲಿ, ಜಪಾನೀಯರು ಅವರ ಹೆಸರಿನಲ್ಲೇ ಒಂದು ಪ್ರಶಸ್ತಿಯನ್ನು ಸ್ಥಾಪಿಸಿದರು. 1998ರಲ್ಲಿ ಆ ಪ್ರಶಸ್ತಿ ಮೊದಲ ಬಾರಿಗೆ ಭಾರತೀಯ ಕಂಪೆನಿಯೊಂದಕ್ಕೆ, ಚೆನ್ನೈಯ ಸುಂದರಂ ಕ್ಲೇಟನ್‌ಗೆ ಲಭಿಸಿತು.

ಡೆಮಿಂಗ್‌ರ ವಾದದ ಸಾರಾಂಶ ಸರಳವಾದುದು. ಸರಕು ತಯಾರಾದ ಬಳಿಕ ಕೊನೆಯಲ್ಲಿ ಕುಳಿತು ಕೆಟ್ಟದ್ದನ್ನು ಹೆಕ್ಕಿ ಎಸೆಯುವುದರಿಂದ ಗುಣಮಟ್ಟ ಬರುವುದಿಲ್ಲ. ಕೆಟ್ಟದ್ದು ಹುಟ್ಟದಂತೆ ಪ್ರತಿಯೊಂದು ಹಂತವನ್ನೂ ಸರಿಪಡಿಸಬೇಕು. ಬಹುಪಾಲು ತಪ್ಪುಗಳಿಗೆ ಕಾರಣ ಕೆಲಸಗಾರನ ಸೋಮಾರಿತನವಲ್ಲ, ಯಜಮಾನನು ರೂಪಿಸಿದ ವ್ಯವಸ್ಥೆ. ಕೆಲಸಗಾರನ ಮನಸ್ಸಿನಿಂದ ಭಯವನ್ನು ಹೊರಹಾಕಬೇಕು.

ಈ ಮಾತಿನ ಸತ್ಯವನ್ನು ಕಾಣಲು ಜಪಾನಿಗೆ ಹೋಗಬೇಕಾಗಿಲ್ಲ, ನಮ್ಮ ಧಕ್ಕೆಯೇ ಸಾಕು. ಬಂಗುಡೆ ಮೀನು ಹಿಡಿದ ಬಳಿಕ ತಕ್ಷಣ ಸಾಕಷ್ಟು ಐಸ್ ಬೀಳದಿದ್ದರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಿಷಕಾರಿ ಪದಾರ್ಥ ಉತ್ಪನ್ನವಾಗುತ್ತದೆ. ಒಮ್ಮೆ ಉಂಟಾದರೆ ಅದು ಮತ್ತೆ ಐಸ್ ಹಾಕಿದರೂ ಹೋಗದು, ಎಷ್ಟು ಬೇಯಿಸಿದರೂ ಹೋಗದು. ಮೀನು ನೋಡಲು ಚೆನ್ನಾಗಿಯೇ ಇರಬಹುದು. ತಿಂದವರ ಮುಖ ಕೆಂಪೇರಿ, ತಲೆನೋವು, ತುರಿಕೆ, ವಾಂತಿ ಕಾಣಿಸಿಕೊಂಡಾಗಲೇ ತಿಳಿಯುವುದು. ಆಗ ತಪ್ಪು ಯಾರದು? ಮಾರಾಟ ಕಟ್ಟೆಯಲ್ಲಿ ಕುಳಿತಾತನದೇ, ಏಲಂ ಕೂಗಿದವನದೇ, ಲಾರಿಯವನದೇ, ಅಥವಾ ಕಡಲಿನಲ್ಲಿ ಐಸ್‌ಗೆ ಜುಗ್ಗತನ ತೋರಿದ ಬೋಟಿನ ಯಜಮಾನನದೇ? ಕೊನೆಯಲ್ಲಿ ನಿಂತವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಮೊದಲ ಹಂತದ ತಪ್ಪನ್ನು ಅವನು ಅಳಿಸಲಾರ. ‘ಸಮಗ್ರ’ ಎಂಬ ಪದದ ಅರ್ಥ ಇದುವೇ.

1997ರಲ್ಲಿ ಐರೋಪ್ಯ ಒಕ್ಕೂಟವು ಭಾರತದ ಮೀನು ಉತ್ಪನ್ನಗಳ ಆಮದನ್ನು ತಾತ್ಕಾಲಿಕವಾಗಿ ನಿಲ್ಲಿಸಿದಾಗ ನಮ್ಮ ಇಡೀ ಕರಾವಳಿಯ ರಫ್ತುದಾರರು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತರು. ಅದೇ ವರ್ಷದ ಡಿಸೆಂಬರಿನಿಂದ ಅಮೆರಿಕವೂ, ಅಪಾಯ ಎಲ್ಲಿ ಹುಟ್ಟಬಹುದೋ ಆ ಪ್ರತಿಯೊಂದು ಹಂತದಲ್ಲೂ ನಿಗಾ ಇಟ್ಟು ದಾಖಲೆ ಬರೆದಿಡುವ ಪದ್ಧತಿಯನ್ನು ಮೀನು ಸಂಸ್ಕರಣಾ ಘಟಕಗಳಿಗೆ ಕಡ್ಡಾಯಗೊಳಿಸಿತು. ಶೆಡ್ಡುಗಳ ನೆಲ ಬದಲಾಯಿತು, ನೀರು ಬದಲಾಯಿತು, ಕೈಗವಸು ಬಂತು. ಒಳ್ಳೆಯದೇ ಆಯಿತು. ಆದರೆ ಒಂದು ಪ್ರಶ್ನೆಯನ್ನು ನಾವು ನಮ್ಮೊಳಗೇ ಕೇಳಿಕೊಳ್ಳಬೇಕಾಗಿದೆ. ದೂರದ ದೇಶದ ಗಿರಾಕಿಗೆ ಸಲ್ಲುವ ಈ ಎಚ್ಚರಿಕೆ ಪಕ್ಕದ ಮನೆಯ ಗಿರಾಕಿಗೂ ಸಲ್ಲುತ್ತಿದೆಯೇ? 2018ರ ಜೂನ್‌ನಲ್ಲಿ ಕೇರಳದ ಗಡಿ ತಪಾಸಣೆಯಲ್ಲಿ ಶವ ಕೆಡದಂತಿಡಲು ಬಳಸುವ ಫಾರ್ಮಾಲಿನ್ ಬೆರೆತ ಮೀನು ಸಿಕ್ಕಿಬಿದ್ದಾಗ ನಮ್ಮ ಮನೆಗಳಲ್ಲೂ ಮೀನು ಕೊಳ್ಳಲು ಜನರು ಹೆದರಿದರು. ಕೆಲವರ ಲಾಭಕೋರತನ ಸಾವಿರಾರು ನಿರಪರಾಧಿ ಮೀನು ವ್ಯಾಪಾರಿಗಳ ಅನ್ನಕ್ಕೆ ಕಲ್ಲು ಹಾಕಿತು.

ಹೆಂಚಿನ ಮೇಲಿನ ಮುದ್ರೆ

ಮಂಗಳೂರಿಗೆ ಗುಣಮಟ್ಟದ ಹೆಸರು ಇಂದು ನಿನ್ನೆ ಬಂದದ್ದಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಆ ಬಳಿಕ ‘ಮಂಗಳೂರು ಹೆಂಚು’ ಎಂಬುದು ಒಂದು ಊರಿನ ಹೆಸರಾಗಿ ಉಳಿಯದೆ ಒಂದು ಭರವಸೆಯ ಹೆಸರಾಯಿತು. ನಮ್ಮ ಹಳೆಯ ಮನೆಗಳ, ಮಸೀದಿಗಳ, ಮದ್ರಸಗಳ ಛಾವಣಿಯಿಂದ ಹೆಂಚೊಂದನ್ನು ಕೆಳಗಿಳಿಸಿ ಮಗುಚಿ ನೋಡಿದರೆ ಅದರಲ್ಲಿ ತಯಾರಿಸಿದ ಕಾರ್ಖಾನೆಯ ಹೆಸರು ಅಚ್ಚೊತ್ತಿರುವುದನ್ನು ಕಾಣಬಹುದು. ಸೋರುವ ಹೆಂಚು ಯಾವುದೆಂದು ಮನೆಯವನಿಗೆ ಗೊತ್ತಾಗುತ್ತಿತ್ತು. ಅದನ್ನು ಮಾಡಿದವರು ಯಾರೆಂಬುದೂ ಗೊತ್ತಾಗುತ್ತಿತ್ತು. ಹೆಸರು ಒತ್ತುವವನು ಜೇಡಿಮಣ್ಣನ್ನು ಹದಮಾಡುವಾಗಲೇ ಎಚ್ಚರದಿಂದಿರಬೇಕಾಗುತ್ತದೆ.

ಮನುಷ್ಯನ ಪ್ರತಿಯೊಂದು ಕರ್ಮದ ಮೇಲೂ ಇಂತಹ ಒಂದು ಮುದ್ರೆ ಬೀಳುತ್ತಿದೆ ಎಂಬುದು ನಮ್ಮ ವಿಶ್ವಾಸ. ಅಣುವಿನಷ್ಟು ಒಳಿತಾಗಲಿ ಕೆಡುಕಾಗಲಿ ಮಾಡಿದವನಿಗೆ ಅದನ್ನು ಕಾಣಿಸಲಾಗುವುದೆಂದು ಸೂರಃ ಅಝ್ಝಲ್‌ಝಲಃ ಎಚ್ಚರಿಸುತ್ತದೆ. ಅಂದು ಹೆಂಚು ಮಗುಚಲ್ಪಡುವ ದಿನ. ಆ ದಿನ ಕೆಳಮುಖದ ಹೆಸರನ್ನು ಎಲ್ಲರೂ ಓದುವರು.

ನಮ್ಮ ಬಂದರಿಗೆ ಇಸ್ಲಾಮ್ ಬಂದದ್ದೂ ವ್ಯಾಪಾರದ ಹಡಗಿನಲ್ಲಿ. ಬಂದರಿನ ಝೀನತ್ ಬಕ್ಷ್ ಮಸೀದಿಯ ಮೂಲವನ್ನು ಪರಂಪರೆಯು ಮಾಲಿಕ್ ದೀನಾರ್ ಮತ್ತು ಸಂಗಡಿಗರೊಂದಿಗೆ ಜೋಡಿಸುತ್ತದೆ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತಾ, ಪರ್ಶಿಯಾ ಮತ್ತು ಯಮನ್‌ನ ವರ್ತಕರು ಈ ಊರಲ್ಲಿ ಇಳಿಯುವುದನ್ನೂ ಕಾಳುಮೆಣಸು, ಶುಂಠಿಯ ಸಮೃದ್ಧಿಯನ್ನೂ ಸುಮಾರು 4,000 ಮುಸ್ಲಿಮರು ಇಲ್ಲಿ ವಾಸವಾಗಿರುವುದನ್ನೂ ದಾಖಲಿಸಿದ್ದಾರೆ. ಭಾಷೆ ಅರಿಯದ, ಧರ್ಮ ಬೇರೆಯಾದ ಜನರ ನಡುವೆ ಆ ವರ್ತಕರು ಬೇರೂರಿದ್ದು ಹೇಗೆ? ಖಡ್ಗ ಅವರ ಬಳಿಯಿರಲಿಲ್ಲ. ಊರಿನ ಜನರು ಮೊದಲು ಓದಿದ್ದು ಕುರ್‌ಆನನ್ನಲ್ಲ, ಅವರ ತಕ್ಕಡಿಯನ್ನು. ಇಂದು ನಮ್ಮ ಹಿಂದೂ, ಕ್ರೈಸ್ತ ಸಹೋದರರು ನಮ್ಮ ಅಂಗಡಿಯ ತಕ್ಕಡಿಯಲ್ಲಿ ಏನನ್ನು ಓದುತ್ತಿದ್ದಾರೆ ಎಂಬುದು ಆಲೋಚಿಸಬೇಕಾದ ಸಂಗತಿ.

ತಿರುಳಿನ ಅಂಕೆ, ಬೆರಳಿನ ಗಾಯ

ಗೇರುಬೀಜದ ಉದ್ಯಮ ಮಂಗಳೂರಿನ ಇನ್ನೊಂದು ಹೆಮ್ಮೆ. ರಫ್ತಿನ ಗೇರುತಿರುಳಿಗೆ ಡಬ್ಲ್ಯು-240, ಡಬ್ಲ್ಯು-320 ಮುಂತಾದ ದರ್ಜೆಗಳಿವೆ. 320 ಎಂದರೆ ಒಂದು ಪೌಂಡಿನಲ್ಲಿ, ಅಂದರೆ ಸುಮಾರು 454 ಗ್ರಾಮಿನಲ್ಲಿ, 300ರಿಂದ 320ರಷ್ಟು ಇಡೀ ತಿರುಳುಗಳಿರಬೇಕು ಎಂದರ್ಥ. ಸಾವಿರಾರು ಮೈಲು ದೂರದ ಗಿರಾಕಿ ಡಬ್ಬವನ್ನು ಬಿಚ್ಚದೆಯೇ ಆ ಅಂಕೆಯನ್ನು ನಂಬುತ್ತಾನೆ. ಎಂತಹ ಸುಂದರವಾದ ವಿಶ್ವಾಸ!

ಆದರೆ ಆ ತಿರುಳು ಮುರಿಯದೆ ಹೊರಬರಲು ಕೈಗಳು ಬೇಕು. ಗೇರುಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಚರ್ಮವನ್ನು ಸುಡುವಂತಹದು. ತಲೆಮಾರುಗಳ ಕಾಲ ನಮ್ಮ ತಾಯಂದಿರು, ಸಹೋದರಿಯರು ಕಪ್ಪುಗಟ್ಟಿದ ಬೆರಳುಗಳೊಂದಿಗೆ ಕಾರ್ಖಾನೆಯಿಂದ ಮನೆಗೆ ಮರಳಿದ್ದಾರೆ. ಒಂದು ಕಲೆಯಿಲ್ಲದ ಬಿಳಿ ತಿರುಳಿಗಾಗಿ ಎಷ್ಟೊಂದು ಕಲೆಯಾದ ಕೈಗಳು! ಕೈಗವಸಿಗೆ, ಯಂತ್ರಕ್ಕೆ, ಚಿಕಿತ್ಸೆಗೆ ಖರ್ಚು ಮಾಡಲು ಹಿಂಜರಿಯುವ ಯಜಮಾನನ ಗುಣಮಟ್ಟವನ್ನು ಸಮಗ್ರವೆನ್ನಲು ಹೇಗೆ ಸಾಧ್ಯ?

ಅಲ್ಲಾಹನು ಪ್ರತಿಯೊಂದು ವಿಷಯದಲ್ಲೂ ಇಹ್ಸಾನ್ ಅಂದರೆ ಉತ್ತಮಿಕೆಯನ್ನು ವಿಧಿಸಿರುವನೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಅದಕ್ಕೆ ಅವರು ಆರಿಸಿದ ಉದಾಹರಣೆ ಬಹಳ ಮಾರ್ಮಿಕವಾದುದು. ಪ್ರಾಣಿಯನ್ನು ಝಬಹ್ ಮಾಡುವಾಗ ಚೂರಿಯನ್ನು ಹರಿತಗೊಳಿಸಿ ಅದರ ನೋವನ್ನು ಕಡಿಮೆ ಮಾಡಬೇಕು. ಕೆಲವೇ ಕ್ಷಣಗಳಲ್ಲಿ ಪ್ರಾಣ ಬಿಡಲಿರುವ ಮೂಕಪ್ರಾಣಿಯ ನೋವೂ ಕೆಲಸದ ಗುಣಮಟ್ಟದ ಲೆಕ್ಕಕ್ಕೆ ಬರುವುದಾದರೆ, ದಿನವಿಡೀ ನಮಗಾಗಿ ದುಡಿಯುವ ಮನುಷ್ಯರ ನೋವು ಬಾರದೇ?

ಬೀಡಿ ಕಟ್ಟುವ ಮನೆಗಳ ಸ್ಥಿತಿಯನ್ನು ನೋಡಿರಿ. ಹೊಗೆಸೊಪ್ಪು ಆರೋಗ್ಯಕ್ಕೆ ಹಾನಿಕರವೆಂಬುದರಲ್ಲಿ ಸಂದೇಹವಿಲ್ಲ, ಆ ಕಸುಬಿಗೆ ಬದಲಿ ದಾರಿ ಹುಡುಕುವುದು ಸಮುದಾಯದ ಹೊಣೆ. ಆದರೆ ಸುತ್ತಿದ ಕೈಗೆ ಸಲ್ಲಬೇಕಾದ ಕೂಲಿಯ ಹಕ್ಕು ಅದರಿಂದ ರದ್ದಾಗದು. ಕೆಲವು ಬ್ರಾಂಚುಗಳಲ್ಲಿ ಕೊಡುವ ಎಲೆ ಕಡಿಮೆ, ಕೇಳುವ ಬೀಡಿ ಪೂರ್ತಿ. ಸಾಲದ ಎಲೆಯನ್ನು ಆಕೆ ಕೈಯಿಂದ ಹಣ ಕೊಟ್ಟು ತರಬೇಕು. ಮೇಲಾಗಿ ‘ಬೀಡಿ ಸರಿಯಿಲ್ಲ’ ಎಂದು ಒಂದು ಪಾಲನ್ನು ಬದಿಗೆ ತೆಗೆದಿಡುತ್ತಾರೆ. ಬದಿಗಿಟ್ಟದ್ದಕ್ಕೆ ಕೂಲಿಯಿಲ್ಲ, ಅದನ್ನು ಹಿಂದಿರುಗಿಸುವುದೂ ಇಲ್ಲ. ಗುಣಮಟ್ಟದ ಹೆಸರಿನಲ್ಲಿ ನಡೆಯುವ ಈ ಕೃತ್ಯಕ್ಕೆ ಕುರ್‌ಆನ್ ಒಂದು ಹೆಸರನ್ನಿಟ್ಟಿದೆ. ಜನರಿಂದ ಪಡೆಯುವಾಗ ಪೂರ್ತಿಯಾಗಿ ಅಳೆದು ಪಡೆದು, ಕೊಡುವಾಗ ಕಡಿಮೆ ಮಾಡುವವರನ್ನು ಅದು ‘ಮುತಫ್ಫಿಫೀನ್’ ಎಂದು ಕರೆದು, ಅವರಿಗೆ ವಿನಾಶವನ್ನು ಘೋಷಿಸುವ ಮೂಲಕ ಒಂದು ಸೂರಃವನ್ನೇ ಆರಂಭಿಸಿದೆ. ಪ್ರವಾದಿ ಶುಐಬ್(ಅ)ರ ಮದ್‌ಯನ್ ಜನಾಂಗದ ನಾಶದ ಚರಿತ್ರೆಯಲ್ಲೂ ಅಳತೆ ತೂಕಗಳ ವಂಚನೆಯೇ ಎದ್ದು ಕಾಣುವ ಪಾಪ. ತಪಾಸಣೆ ಮಾಡಬಾರದೆಂದಲ್ಲ. ಕೆಟ್ಟದ್ದನ್ನು ತೋರಿಸಿ, ಕಾರಣ ಹೇಳಿ, ಹಿಂದಿರುಗಿಸಿದರೆ ಅದು ನ್ಯಾಯ. ಇಟ್ಟುಕೊಂಡು ಕೂಲಿ ಕೊಡದಿದ್ದರೆ ಅದು ಅನ್ಯರ ಹಕ್ಕನ್ನು ಕಬಳಿಸುವುದಾಗಿದೆ.

ಇಮಾಮರನ್ನು ಎಚ್ಚರಿಸುವ ಹಕ್ಕು

ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ಒಂದು ಪ್ರಸಿದ್ಧ ವ್ಯವಸ್ಥೆಯಿದೆ. ಕೆಲಸದಲ್ಲಿ ದೋಷ ಕಂಡರೆ ಅತ್ಯಂತ ಸಾಮಾನ್ಯ ಕಾರ್ಮಿಕನೂ ಒಂದು ಹಗ್ಗವನ್ನೆಳೆದು ಎಚ್ಚರಿಸಬಹುದು. ಆಗಲೇ ದೋಷ ಸರಿಯಾಗದಿದ್ದರೆ ಸಾಲು ನಿಲ್ಲುತ್ತದೆ. ಅದಕ್ಕಾಗಿ ಅವನನ್ನು ಗದರಿಸುವುದಿಲ್ಲ. 1962ರಿಂದ ಜಪಾನಿನಲ್ಲಿ ಹಬ್ಬಿದ ‘ಕ್ವಾಲಿಟಿ ಸರ್ಕಲ್’ಗಳ ಹಿಂದೆಯೂ ಇದೇ ತತ್ವವಿತ್ತು. ಕೆಲಸ ಮಾಡುವವರೇ ಒಟ್ಟಾಗಿ ಕುಳಿತು ತಮ್ಮ ಕೆಲಸದ ಕೊರತೆಗಳನ್ನು ಚರ್ಚಿಸಿ ಪರಿಹರಿಸಬೇಕು.

ಇದನ್ನು ಓದುವಾಗ ನಮ್ಮ ಜಮಾಅತ್ ನಮಾಝ್ ನೆನಪಿಗೆ ಬಾರದಿರದು. ನಮಾಝ್ ಆರಂಭಿಸುವ ಮೊದಲು ಇಮಾಮರು ಸಾಲುಗಳನ್ನು ನೇರಗೊಳಿಸಲು ಹೇಳುತ್ತಾರೆ. ಅದಕ್ಕೂ ಮೊದಲು ವುಝೂ. ಪಾದದಲ್ಲಿ ಉಗುರಿನಷ್ಟು ಜಾಗವನ್ನು ಒಣದಾಗಿ ಬಿಟ್ಟ ವ್ಯಕ್ತಿಯನ್ನು ಕಂಡು ಪ್ರವಾದಿ(ಸ) ಅವನನ್ನು ಹಿಂದೆ ಕಳುಹಿಸಿ ವುಝೂವನ್ನು ಚೆನ್ನಾಗಿ ಪೂರ್ತಿಗೊಳಿಸಲು ಆಜ್ಞಾಪಿಸಿದರು. ಉಗುರಿನಷ್ಟು ಕೊರತೆಯನ್ನೂ ‘ಪರವಾಗಿಲ್ಲ’ ಎನ್ನಲಿಲ್ಲ. ಇನ್ನು ನಮಾಝಿನ ನಡುವೆ ಇಮಾಮರು ತಪ್ಪಿದರೆ? ಹಿಂದೆ ನಿಂತವನು ಹಮಾಲಿಯಾಗಿರಲಿ ಕಾರ್ಖಾನೆಯ ಮಾಲಿಕನಾಗಿರಲಿ, ‘ಸುಬ್‌ಹಾನಲ್ಲಾಹ್’ ಎಂದು ಎಚ್ಚರಿಸುವ ಹಕ್ಕು ಅವನಿಗಿದೆ. ಇಮಾಮರು ಸಿಟ್ಟಾಗುವುದಿಲ್ಲ, ತಿದ್ದಿಕೊಳ್ಳುತ್ತಾರೆ. ಮರೆವಿನಿಂದಾದ ತಪ್ಪಿಗೆ ಪರಿಹಾರವಾಗಿ ಸುಜೂದ್ ಕೂಡಾ ಕಲಿಸಲ್ಪಟ್ಟಿದೆ. ಮುಂಚಿತವಾದ ಸಿದ್ಧತೆ, ನಡುವೆ ಎಚ್ಚರಿಕೆ, ಕೊನೆಗೆ ತಿದ್ದುಪಡಿ. ದಿನಕ್ಕೆ ಐದು ಬಾರಿ ನಾವು ಈ ತರಬೇತಿಯನ್ನು ಪಡೆಯುತ್ತಿದ್ದೇವೆ.

ಡೆಮಿಂಗ್ ಹೇಳಿದ್ದೆಲ್ಲ ನಮ್ಮಲ್ಲಿ ಮೊದಲೇ ಇತ್ತೆಂದು ಹೆಮ್ಮೆಪಡುವುದು ಬಹಳ ಸುಲಭ. ಆದರೆ ಆ ಹೆಮ್ಮೆಯಿಂದ ನಮ್ಮ ಅಂಗಡಿಯ ಒಂದು ಬಟ್ಟೆಯ ಬಣ್ಣವೂ ಗಟ್ಟಿಯಾಗದು. ಮಸೀದಿಯಲ್ಲಿ ಇಮಾಮರನ್ನು ತಿದ್ದಬಲ್ಲ ಅದೇ ನೌಕರನು ಅಂಗಡಿಗೆ ಬಂದು ‘ಸಾಹುಕಾರ್ರೇ, ಈ ಎಣ್ಣೆ ಕಮಟಾಗಿದೆ, ಮಾರುವುದು ಬೇಡ’ ಎಂದು ಹೇಳಬಲ್ಲನೇ? ಹೇಳಿದರೆ ಮರುದಿನ ಅವನ ಕೆಲಸ ಉಳಿದೀತೇ? ಸಂಸ್ಥೆಯ ಗುಣಮಟ್ಟವನ್ನು ಅಳೆಯಲು ಇದಕ್ಕಿಂತ ಉತ್ತಮ ಒರೆಗಲ್ಲಿಲ್ಲ. ಕೆಟ್ಟ ಸುದ್ದಿಯನ್ನು ತರುವ ನೌಕರನಿಗೆ ಯಜಮಾನನು ಯಾವ ಮುಖ ತೋರಿಸುತ್ತಾನೆ ಎಂಬುದೇ ಆ ಒರೆಗಲ್ಲು.

ಯಾರೂ ನೋಡದಾಗ

ಪ್ರಮಾಣಪತ್ರಗಳಿಗೆ ಒಂದು ಮಿತಿಯಿದೆ. ಲೆಕ್ಕತಪಾಸಣೆಯಂತೆ ಅದರ ತಪಾಸಕರೂ ನಿಗದಿತ ದಿನ ಬರುತ್ತಾರೆ. ಆ ದಿನ ನೆಲ ಹೊಳೆಯುತ್ತದೆ, ದಾಖಲೆ ಪುಸ್ತಕಗಳು ಭರ್ತಿಯಾಗುತ್ತವೆ. ಉಳಿದ ದಿನಗಳಲ್ಲಿ? ಇಹ್ಸಾನ್ ಎಂದರೇನೆಂದು ಜಿಬ್ರೀಲ್(ಅ) ಪ್ರಶ್ನಿಸಿದಾಗ ಪ್ರವಾದಿವರ್ಯರು(ಸ) ನೀಡಿದ ವಿವರಣೆಯ ಸಾರವು ಅಲ್ಲಾಹನನ್ನು ಕಾಣುತ್ತಿರುವಂತೆ ಅವನ ಆರಾಧನೆ ಮಾಡಬೇಕು, ನಾವು ಅವನನ್ನು ಕಾಣದಿದ್ದರೂ ಅವನು ನಮ್ಮನ್ನು ಕಾಣುತ್ತಿದ್ದಾನೆ ಎಂಬುದಾಗಿದೆ. ರಜೆಯಿಲ್ಲದ ತಪಾಸಕನ ಮುಂದೆ ನಿಂತವನಿಗೆ ತಪಾಸಣೆಯ ದಿನವೆಂಬ ಬೇರೆ ದಿನವಿಲ್ಲ.

ಇಮಾಮ್ ಅಬೂ ಹನೀಫಾ(ರ) ಜವಳಿ ವ್ಯಾಪಾರಿಯಾಗಿದ್ದರು. ಒಂದು ಬಟ್ಟೆಯಲ್ಲಿ ದೋಷವಿರುವುದನ್ನು ಗಿರಾಕಿಗೆ ತಿಳಿಸಿ ಮಾರುವಂತೆ ಅವರು ಪಾಲುದಾರನಿಗೆ ಹೇಳಿಟ್ಟಿದ್ದರು. ಪಾಲುದಾರನು ಮರೆತು ಮಾರಿಬಿಟ್ಟನು, ಕೊಂಡವರು ಯಾರೆಂದೂ ತಿಳಿಯಲಿಲ್ಲ. ಇಮಾಮರು ಆ ಸರಕಿನಿಂದ ಬಂದ ಹಣವನ್ನೆಲ್ಲ ದಾನ ಮಾಡಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ದೂರು ಕೊಡಲು ಗಿರಾಕಿ ಬಂದಿರಲಿಲ್ಲ. ನ್ಯಾಯಾಲಯದ ನೋಟೀಸೂ ಬಂದಿರಲಿಲ್ಲ. ಅವರಿಗೆ ನಿದ್ದೆಗೆಡಿಸಿದ್ದು ಪರಲೋಕದ ಲೆಕ್ಕ.

ನಮ್ಮ ಎಷ್ಟೋ ಯುವಕರು ಗಲ್ಫ್ ರಾಷ್ಟ್ರಗಳ ಕಂಪೆನಿಗಳಲ್ಲಿ ಶಿಸ್ತಿನಿಂದ ದುಡಿದು ಒಳ್ಳೆಯ ಹೆಸರು ಗಳಿಸಿದ್ದಾರೆ. ಅಲ್ಲಿ ಗಡಿಯಾರದ ಮುಳ್ಳಿನಂತೆ ನಡೆಯುತ್ತಾರೆ, ಪ್ರತಿಯೊಂದನ್ನೂ ಬರೆದಿಡುತ್ತಾರೆ. ಊರಿಗೆ ಬಂದು ಸ್ವಂತ ಅಂಗಡಿ ತೆರೆದಾಗ ಅದೇ ವ್ಯಕ್ತಿ ‘ಇಲ್ಲಿ ಇಷ್ಟೇ ಸಾಕು’ ಎಂದುಕೊಂಡರೆ, ಅಲ್ಲಿನ ಶಿಸ್ತು ಸೂಪರ್‌ವೈಸರನಿಗಾಗಿತ್ತೇ ಹೊರತು ಅಲ್ಲಾಹನಿಗಾಗಿರಲಿಲ್ಲ ಎಂದಾಗಲಿಲ್ಲವೇ?

ಆರಂಭ ಎಲ್ಲಿಂದ?

ಕರ್ಮಗಳಲ್ಲಿ ಅಲ್ಲಾಹನಿಗೆ ಹೆಚ್ಚು ಪ್ರಿಯವಾದುದು ಅಲ್ಪವಾದರೂ ನಿರಂತರವಾಗಿ ನಡೆಯುವ ಕರ್ಮವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆದುದರಿಂದ ದೊಡ್ಡ ಯೋಜನೆಗಳ ಅಗತ್ಯವಿಲ್ಲ. ಸರಕಿನ ದೋಷವನ್ನು ಗಿರಾಕಿ ಕೇಳುವ ಮೊದಲೇ ಹೇಳುವ ಅಭ್ಯಾಸ ಮಾಡೋಣ. ಒಂದು ದೂರು ಬಂದಾಗ ‘ಯಾರು ಮಾಡಿದ್ದು?’ ಎಂದು ಗದರುವ ಮೊದಲು ‘ಹೇಗಾಯಿತು?’ ಎಂದು ವಿಚಾರಿಸೋಣ. ನೌಕರನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಆದೇಶವನ್ನು ತಿಂಗಳ ಕೊನೆಯ ನೆಪಗಳಲ್ಲಿ ಮರೆಯದಿರೋಣ. ಕೆಲಸಕ್ಕೆ ಜನರನ್ನು ಆರಿಸುವಾಗ ಸಂಬಂಧಿಕನೆಂಬುದಕ್ಕಿಂತ, ಮೂಸಾ(ಅ)ರ ಬಗ್ಗೆ ಮದ್‌ಯನ್‌ನ ವೃದ್ಧರ ಮಗಳು ಗುರುತಿಸಿದ ಎರಡು ಗುಣಗಳಾದ ಸಾಮರ್ಥ್ಯ ಮತ್ತು ವಿಶ್ವಸ್ತತೆಯನ್ನು ನೋಡೋಣ.

ಇದು ಅಂಗಡಿಗೆ ಮಾತ್ರ ಸೀಮಿತವಲ್ಲ. ನಮ್ಮ ಮದ್ರಸ, ಶಾಲೆ, ಮಸೀದಿ ಕಮಿಟಿಗಳೂ ಸಂಸ್ಥೆಗಳೇ. ಅಲ್ಲಿಯೂ ಗಿರಾಕಿಗಳಿದ್ದಾರೆ, ಅವರು ನಮ್ಮ ಮಕ್ಕಳು. ಮನೆಯಲ್ಲಿ ಗೃಹಿಣಿಯು ಹಿಟ್ಟನ್ನು ಜರಡಿ ಹಿಡಿಯುವಾಗ, ಅಕ್ಕಿಯಿಂದ ಕಲ್ಲು ಹೆಕ್ಕುವಾಗ ಯಾವ ಪ್ರಮಾಣಪತ್ರವನ್ನೂ ನಿರೀಕ್ಷಿಸುವುದಿಲ್ಲ. ತಿನ್ನುವವರು ತನ್ನವರೆಂಬ ಪ್ರೀತಿಯೇ ಅವಳ ಗುಣಮಟ್ಟ ನೀತಿ. ಕೊಳ್ಳುವವರೆಲ್ಲರೂ ತನ್ನವರೆಂದು ತಿಳಿಯುವ ವ್ಯಾಪಾರಿಗೆ ಬೇರೆ ನೀತಿ ಬೇಕಾಗದು.

ಸತ್ಯವಂತನೂ ವಿಶ್ವಸ್ತನೂ ಆದ ವ್ಯಾಪಾರಿಗೆ ಪ್ರವಾದಿಗಳ, ಸತ್ಯಸಂಧರ ಹಾಗೂ ಹುತಾತ್ಮರ ಸಾಂಗತ್ಯದ ಶುಭವಾರ್ತೆಯಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನಿಗೆ ಇಷ್ಟು ದೊಡ್ಡ ಸ್ಥಾನ! ಹಾಗಿರುವಾಗ ಕೆಲವು ರೂಪಾಯಿಗಳಿಗಾಗಿ ರಾಶಿಯೊಳಗೆ ತೇವವನ್ನು ಬಚ್ಚಿಟ್ಟು ಆ ಸಾಂಗತ್ಯವನ್ನು ಕಳೆದುಕೊಳ್ಳುವುದು ಎಂತಹ ನಷ್ಟದ ವ್ಯಾಪಾರ!

ನಮ್ಮ ಕೈಗಳ ದುಡಿಮೆಯನ್ನು ದೋಷಮುಕ್ತಗೊಳಿಸಲು, ನಮ್ಮ ತಕ್ಕಡಿಗಳನ್ನು ನ್ಯಾಯದಲ್ಲಿ ನಿಲ್ಲಿಸಲು, ನಮ್ಮ ಕೈಕೆಳಗಿನವರ ಹಕ್ಕುಗಳನ್ನು ಪೂರ್ತಿಯಾಗಿ ಸಲ್ಲಿಸಲು ಅಲ್ಲಾಹನು ನಮಗೆಲ್ಲರಿಗೂ ತೌಫೀಕ್ ನೀಡಲಿ. ಆಮೀನ್.